ಅರುವ

ಕೂಡ್ಲೂರಿನ ಕಾಫಿ ಗೋದಾಮಿನಲ್ಲಿ
ಪ್ರತಿ ಚೀಲದ ಕಿವಿಗೂ ಒಂದು ಚೀಟಿ ಹೊಲಿದಿದೆ.
ಬಾಗಿಲ ಚೌಕಟ್ಟು ಕೇಳುತ್ತದೆ: ಯಾರು?
ಚೀಟಿ ಹೇಳುತ್ತದೆ: ನಾನೂರ ಹದಿನೇಳು.
ಅಷ್ಟೇ.
ಒಳಗೆ ಬಿಸಿಯೋ, ಬೆವರೋ, ಬೂಸಲೋ
ಅದಕ್ಕೆ ತಿಳಿಯದು. ಬರೀ ಹೆಸರು.

ಸಾಲುಗಳ ನಡುವೆ ಮೊಳೆಗೆ ಜೋತುಬಿದ್ದ
ಬೆಂಕಿಪೊಟ್ಟಣದಷ್ಟು ಡಬ್ಬಿಗಳು ಬೇರೆ.
ಏಳನೇ ಸಾಲಿನಲ್ಲಿ ತೇವ, ಎನ್ನುತ್ತವೆ ಗಾಳಿಗೆ,
ಯಾರ ತೇವ ಎಂಬುದು ಅವಕ್ಕೆ ಬೇಕಿಲ್ಲ.
ಹೆಸರಿಲ್ಲದ ಜ್ವರ.

ಈ ಇಬ್ಬರಿಗೂ ಮಾತು ಕೂಡಿಸುವುದು ನನ್ನ ಕೆಲಸ.
ಕಂಪನಿಯವರ ಬಾಯಲ್ಲಿ ಅದು ಮಿಡ್ಲ್‌ವೇರ್.
ಏನು ಹಾಗೆಂದರೆ, ಎಂದಳು ದೇಚವ್ವಜ್ಜಿ.
ಅರುವ, ಎಂದೆ.
ತಟ್ಟನೆ ಗೊತ್ತಾಯಿತು ಅವಳಿಗೆ:
ಮದುವೆ ಮನೆಯಲ್ಲಿ ಎದುರುಬದುರು ನಿಂತು
ಎರಡು ಮನೆಯ ಪರವಾಗಿ ಕೇಳಿ, ಹೇಳಿ,
ಹನ್ನೊಂದು ಹರಳು ಆ ಕೈಗೆ ದಾಟಿಸಿ
ಹನ್ನೆರಡನೆಯದನ್ನು ಹೆಣ್ಣಿನ ಕಡೆಗೇ ಉಳಿಸಿಕೊಳ್ಳುವವನು.
‘ಅರುವನಿಗೆ ಮೊದಲು ಕಿವಿ ಬೇಕು,
ಬಾಯಿ ಆಮೇಲೆ’ ಎಂದಳು.

ಕಕ್ಕಡದ ಒಂದು ಸಂಜೆ, ಆರೂ ಹತ್ತು,
ಲಾರಿ ಇಳಿಸುವ ಗದ್ದಲ.
ನನ್ನ ಅರುವ ಫೋನಿನಲ್ಲಿ ಗುಟುರಿದ:
ನಾನೂರ ಹದಿನೇಳು, ತೇವ ಎಂಬತ್ತೆರಡು, ಹೊರಗೆ ತೆಗೆಯಿರಿ.
ಮೊಯ್ದು ಬೆನ್ನ ಮೇಲೆ ಹೊತ್ತು ತಂದ,
ಹೊಲಿಗೆ ಬಿಚ್ಚಿ ಎರಡು ಕಾಳು ಹಲ್ಲಿಗಿಟ್ಟ.
ಕಟಕ್.
‘ಒಣಗಿ ಗರಿಗರಿಯಾಗಿದೆ ಇದು.
ನಿಮ್ಮವನು ಯಾರದೋ ಹೆಣ್ಣನ್ನು
ಯಾರಿಗೋ ಧಾರೆಯೆರೆದ.’

ರಾತ್ರಿ ಕೂತು ಹುಡುಕಿದೆ.
ಡಬ್ಬಿಗಳ ಗಡಿಯಾರ ನಾಲ್ಕು ನಿಮಿಷ ಹಿಂದೆ.
ಆ ನಾಲ್ಕು ನಿಮಿಷದಲ್ಲಿ ತಳ್ಳುಗಾಡಿ
ಒಂದನ್ನು ಒಯ್ದು ಇನ್ನೊಂದನ್ನು ಅಲ್ಲಿಟ್ಟಿತ್ತು.
ಚೀಟಿ ಸುಳ್ಳು ಹೇಳಲಿಲ್ಲ, ಡಬ್ಬಿಯೂ ಹೇಳಲಿಲ್ಲ.
ಎರಡು ನಿಜಗಳನ್ನು ತಪ್ಪು ಹೊತ್ತಿನಲ್ಲಿ ಕೂಡಿಸಿದೆ,
ನಾನು.

ಅಷ್ಟರಲ್ಲಿ ಮೊಯ್ದು ಮೂಗಿನಿಂದಲೇ
ನಾನೂರ ಎಪ್ಪತ್ತೊಂದನ್ನು ಹಿಡಿದಿದ್ದ.

ಗಡಿಯಾರ ಸರಿಮಾಡಿದೆ. ಹನ್ನೊಂದು ಕಾಲಂ
ಈಗ ತಪ್ಪದೆ ಆ ಕಡೆಗೆ ದಾಟುತ್ತವೆ:
ಹೆಸರು, ಸಾಲು, ಹೊತ್ತು, ಬಿಸಿ, ತೇವ, ಉಳಿದವು.
ಹನ್ನೆರಡನೆಯದು ಗೋದಾಮಿನಲ್ಲೇ ಉಳಿಯುತ್ತದೆ:
ಮೊಯ್ದು ಕಚ್ಚಿದನೇ? ಹೌದು, ಇಲ್ಲ.

ಇದು ಯಾಕೆ ಎಂದು ಕಂಪನಿಯಿಂದ ಕಾಗದ ಬಂದಿದೆ.
ಉತ್ತರ ಬರೆದಿಲ್ಲ ಇನ್ನೂ.
ಅವನ ಎಡ ದವಡೆಯ ಹಲ್ಲೊಂದು
ಅಲುಗುತ್ತಿದೆಯಂತೆ,
ಸೋಮವಾರ ರಜೆ ಕೇಳಿದ್ದಾನೆ.