ಅರವತ್ತು ಗ್ರಾಂ

ಶಿಮ್ಲಾದಿಂದ ಕಾಗದ ಬಂದದ್ದು ನನಗಲ್ಲ,
ಲೋತ್ ರಾಮನಿಗೆ.
ಅವನಿಗೆ ಓದು ಬಾರದು. ಸೇತುವೆ ದಾಟಿ
ನನ್ನ ಅಂಗಡಿಗೇ ತಂದ.
ಮೇಲ್ಮನವಿದಾರರು: ಸರಕಾರ.
ಎದುರುದಾರ: ಲೋತ್ ರಾಮ್.
ಓದಿ ಹೇಳಿದೆ. ನಕ್ಕ.
'ಇಷ್ಟು ದೊಡ್ಡ ಸರಕಾರಕ್ಕೆ ನಾನೊಬ್ಬನೇ ಎದುರೇ, ಲಾಲಾ?'
ಹೊರಗೆ ಅವನ ಎರಡು ಹೇಸರಗತ್ತೆ,
ಒಂದರ ಬೆನ್ನ ಮೇಲೆ ಯಾರದೋ ಮನೆಯ ಸಿಮೆಂಟು.

ಆರು ವರ್ಷದ ಹಿಂದೆ, ಹೀಗೇ ಕಾರ್ತಿಕದ ಚಳಿ.
ಬಸ್ಸು ತಡೆದು ಇಳಿಸಿದ್ದರು ಅವನನ್ನು.
ಚೀಲ ಮಡಿಲಲ್ಲಿತ್ತೋ, ಸೀಟಿನ ಅಡಿಗಿತ್ತೋ,
ನಾನು ಕಂಡಿಲ್ಲ. ಅಷ್ಟು ಮಾತ್ರ ನಿಜ.
ನನ್ನಲ್ಲಿಗೆ ಬಂದವನು ಪೇದೆ,
ಕೇಳಿದ್ದು ತಕ್ಕಡಿ.

ಕರೀ ಬೆಲ್ಲದ ಹಾಗೆ ಉಂಡೆಗಳು.
ತಟ್ಟೆಗೆ ಸುರಿದರು; ಮುಳ್ಳು ತೂಗಾಡಿ ನಿಂತಿತು.
'ಒಂದು ಕಿಲೋ ಇಪ್ಪತ್ತು' ಎಂದು ಠಾಣೇದಾರ ಬರೆದ.
ಕಿಲೋ ಮುಟ್ಟಿದರೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲ,
ನನಗದು ಆಮೇಲೆ ತಿಳಿಯಿತು.
ಬಟ್ಟೆ ಹೊಲಿದರು, ಅರಗು ಕಾಯಿಸಿದರು
ನನ್ನದೇ ಒಲೆಯಲ್ಲಿ.
ಅವರು ಮುದ್ರೆ ಒತ್ತಿದರು, ನಾನು ರುಜು ಹಾಕಿದೆ.

ಇನ್ನೊಂದು ಅರಗಿನ ಮಾತಿದೆ.
ತಟ್ಟೆಯ ಅಡಿ, ಬೆರಳು ಹೋಗದ ಕಡೆ,
ಅಪ್ಪನ ಕಾಲದಿಂದ ಅಂಟಿಕೊಂಡ ಒಂದು ಬಿಲ್ಲೆ,
ಮೇಲೆ ಅರಗು, ಒಳಗೆ ಸೀಸ.
ಅಕ್ರೋಟು ಕೊಂಡವರು, ರಾಜ್ಮಾ ಕೊಂಡವರು
ಯಾರೂ ಕೇಳಿದ್ದಿಲ್ಲ.
ಸಲಕ್ಕೆ ಅರವತ್ತು ಗ್ರಾಂ.
ತಂಗಿಯ ಮದುವೆ ಅದರಲ್ಲಿ, ಮಾಡಿನ ತಗಡು ಅದರಲ್ಲಿ.

ಕುಲ್ಲೂ ಕೋರ್ಟಿನಲ್ಲಿ ಕೇಳಿದರು: ತಕ್ಕಡಿ ನಿನ್ನದೇ?
ತೂಕದ ಇಲಾಖೆಯವನ ಮುಖ ಎದುರಿಗೆ ಬಂತು.
ನನ್ನದಲ್ಲ ಎಂದೆ.
ತೂಗಿದ್ದು ಕಂಡೆಯಾ? ಇಲ್ಲ.
ರುಜು? ಖಾಲಿ ಹಾಳೆಗೆ.
ಸಾಕ್ಷಿ ತಿರುಗಿಬಿದ್ದ ಎಂದು ಬರೆದುಕೊಂಡರು.
ಪ್ರಯೋಗಶಾಲೆಯ ಚೀಟಿಯಲ್ಲಿ ಒಂಬೈನೂರ ಅರವತ್ತು.
ಉಳಿದ ಅರವತ್ತು ಗ್ರಾಂ ಎಲ್ಲಿ?
ನ್ಯಾಯಾಧೀಶೆ ಮೂರು ಸಲ ಕೇಳಿದರು.
ಠಾಣೇದಾರ ಫೈಲು ತಿರುವಿದ.
ನಾನು ಹಿಂದಿನ ಬೆಂಚಿನಲ್ಲಿ ಟೋಪಿ ತಿರುವುತ್ತಿದ್ದೆ.

ಸಂಶಯದ ಲಾಭ ಲೋತ್ ರಾಮನಿಗೆ ಹೋಯಿತು.
ಅವನ ಹೆಂಡತಿ ಶುಕ್ರೀ ಒಂದು ಡಬ್ಬಿ ತುಪ್ಪ ತಂದಿಟ್ಟು
'ದೇವರಂಥ ಸುಳ್ಳು ಹೇಳಿದೆ, ಲಾಲಾ' ಎಂದಳು.
ತೂಗದೆ ಒಳಗಿಟ್ಟೆ.

ಈಗ ಸರಕಾರ ಇಪ್ಪತ್ತೆರಡು ಪುಟ ಹೇಳುತ್ತದೆ:
ಚರಸ್ಸು ಒಣಗುವ ವಸ್ತು.
ಮಾಲ್ಖಾನೆಯ ಸೆಕೆಗೆ ಪಸೆ ಆರಿದೆ.
ಹೊಲಿಗೆ ಬಿಚ್ಚಿಲ್ಲ, ಮೊಹರು ಒಡೆದಿಲ್ಲ,
ಹಿಡಿದ ದಿನದ ತೂಕವೇ ತೂಕ.
ವಾದ ಚೆನ್ನಾಗಿದೆ.
ಬಿಲ್ಲೆಯ ಸಂಗತಿ ಗೊತ್ತಿರದಿದ್ದರೆ ನಾನೂ ಒಪ್ಪುತ್ತಿದ್ದೆ.

ಅಲ್ಲಿ ನನ್ನನ್ನು ಯಾರೂ ಕರೆಯುವುದಿಲ್ಲವಂತೆ.
ಕಾಗದದ ಮೇಲೆ ಕಾಗದ ಇಟ್ಟು ಓದುತ್ತಾರಂತೆ.
ನಾನಾಗಿ ಹೋಗಿ ನಿಜ ಹೇಳಿದೆನೋ,
ಹತ್ತು ವರ್ಷದಿಂದ ಪಾರಾದಾನು,
ಆದರೆ ಚೀಲ ಅವನ ಹೆಗಲಿಗೆ ಬೀಳುತ್ತದೆ.
ಹೇಳಲಿಲ್ಲವೋ,
ನನ್ನ ಅಪ್ಪನ ಬಿಲ್ಲೆ ಅವನನ್ನು ತೂಗುತ್ತಲೇ ಇರುತ್ತದೆ.

ಲೋತ್ ರಾಮ್ ಕಾಗದ ಮಡಚಿ ಎದೆಯ ಜೇಬಿಗಿಟ್ಟ.
'ಪ್ರಾಣಿಗಳಿಗೆ ಒಂದು ಕಿಲೋ ಬೆಲ್ಲ ಕೊಡು.'
ಮುಳ್ಳು ನೆಟ್ಟಗೆ ನಿಂತ ಮೇಲೂ
ಇನ್ನೊಂದು ಉಂಡೆ ಹಾಕಿದೆ.
'ಜಾಸ್ತಿಯಾಯಿತು' ಎಂದ.
'ಒಣಗುತ್ತದೆ' ಎಂದೆ.