ತಣ್ಣಗಿದ್ದಾಗ ಮಾತ್ರ

ಬೆಳಿಗ್ಗೆ ಆರೂಕಾಲಕ್ಕೆ ಗುಡ್ಡೇಕೇರಿಯಲ್ಲಿ
ಕೀ ತಿರುಗಿಸಿದ ಕೂಡಲೇ ಶುರು
ಟಿಕ್ ಟಿಕ್ ಟಿಕ್ ಟಿಕ್
ಗೋಡೆಯ ಹಲ್ಲಿ ಲೊಚಗುಟ್ಟಿದ ಹಾಗೆ,
ಯಾರು ಏನೇ ಅಂದರೂ ಸತ್ಯ ಸತ್ಯ ಎನ್ನುತ್ತ.

ಮೇಗರವಳ್ಳಿ ದಾಟುವಾಗ ಇಂಜಿನ್ ಕಾದಿರುತ್ತದೆ,
ಸದ್ದು ತಾನೇ ನಿಂತಿರುತ್ತದೆ.
ನಿಂತ ಮೇಲೆ ನನಗೂ ಮರೆಯುತ್ತದೆ.
ಹೀಗೆ ದೀಪಾವಳಿಯಿಂದ ಮಾಘದವರೆಗೆ
ದಿನಾ ಬೆಳಿಗ್ಗೆ ನೆನಪಾಗಿ
ದಿನಾ ಎಂಟು ಗಂಟೆಗೆ ಮರೆತಿದ್ದೇನೆ.

ಮಾಲಿನಿ ಅಂದಳು:
ಸದ್ದು ತಾನೆ? ನೀವೂ ಗೊರಕೆ ಹೊಡೀತೀರಿ,
ನಾನೇನು ರಿಪೇರಿ ಮಾಡಿಸಿದ್ನಾ?
ನಿಜವೇ. ಆ ಸದ್ದಿಗೊಂದು ಉಪಯೋಗವೂ ಉಂಟು,
ದರೆ ಕೆಳಗಿನ ಮನೆಯ ಪದ್ದು ಶೆಟ್ಟರು
ಅದು ಕೇಳಿದ ಮೇಲೆಯೇ ಚಪ್ಪಲಿ ಹುಡುಕುವುದು.

ಕುರುವಳ್ಳಿಯ ವರ್ಕ್‌ಶಾಪಿನಲ್ಲಿ ಗೌಸ್‌ಪೀರ್
ಬಾನೆಟ್ಟಿನೊಳಗೆ ಅರ್ಧ ಮೈ ಇಳಿಸಿ
ಬೆರಳಲ್ಲಿ ಮಸಿ ಒರೆಸಿ ತೋರಿಸಿದ:
ಮ್ಯಾನಿಫೋಲ್ಡಿನ ಎರಡು ಮೂರರ ನಡುವೆ ಕಪ್ಪು ಗೀಟು,
ಕೂದಲೆಳೆ ಅಂಟಿದೆಯೇನೋ ಅನ್ನುವಷ್ಟು.
ಬೀಡು ಕಬ್ಬಿಣ, ವಾಸಣ್ಣ. ಕಾದರೆ ಹಿಗ್ಗುತ್ತೆ,
ಬಿರುಕು ಕೂಡಿಕೊಳ್ಳುತ್ತೆ.
ಪೂರ್ತಿ ಮುಚ್ಚುತ್ತಾ?
ಕಿವಿಗೆ ಮುಚ್ಚುತ್ತೆ.

ಹೊಸದು ಬರುವುದಿಲ್ಲ, ಕಂಪನಿ ಅಚ್ಚು ನಿಲ್ಲಿಸಿ ಕಾಲವಾಯಿತು.
ಶಿವಮೊಗ್ಗದ ಗುಜರಿಯಲ್ಲಿ ಸಿಕ್ಕರೆ ಮೂರೂವರೆ ಸಾವಿರ,
ಅದಕ್ಕೆ ಬಿರುಕಿಲ್ಲ ಅಂತ ಆಣೆ ಹಾಕುವವರು ಯಾರು?
ವೆಲ್ಡಿಂಗ್ ಮಾಡಬಹುದು,
ಬೆಸುಗೆ ನಿಂತರೂ ಪಕ್ಕದಲ್ಲಿ ಒಡೆಯುವ ಜಾತಿ ಅದು.
ಬಿಚ್ಚುವುದೇ ಮೊದಲ ಪಂಚಾಯ್ತಿ:
ಎಂಟು ಸ್ಟಡ್ಡು, ಎಂಟಕ್ಕೂ ತುಕ್ಕು,
ಒಂದು ಒಳಗೆ ಮುರಿದರೆ ಹೆಡ್ಡೇ ಇಳಿಸಬೇಕು.

ಸುಮ್ಮನೆ ಬಿಟ್ಟರೆ?
ಓಡುತ್ತೆ. ಹತ್ತು ವರ್ಷ ಹೀಗೇ ಓಡಿದ್ದು ನೋಡಿದ್ದೀನಿ.

ಇನ್ಶೂರೆನ್ಸ್ ಕಾಗದದ ಬೆನ್ನಿಗೆ ಲೆಕ್ಕ ಬರೆದೆ.
ಎಫ್‌ಸಿ ಚೈತ್ರಕ್ಕೆ, ಮುಂದಿನ ಟೈರು ಅದಕ್ಕೂ ಮೊದಲು.
ಕಾಗದ ಮಡಚಿ ಜೇಬಿಗಿಟ್ಟು
ಹಾಗಾದರೆ ಬಿಡು ಮಾರಾಯ, ಅಂದೆ.
ಗೌಸ್‌ಪೀರ್ ಕೈ ಒರೆಸಿಕೊಳ್ಳುತ್ತ
ಲೋಕಾಭಿರಾಮಕ್ಕೆಂಬಂತೆ ಕೇಳಿದ:
ನಿಮ್ಮ ಪಕ್ಕ ಯಾರು ಕೂರ್ತಾರೆ?

ಧನ್ವಿ.
ಮೂರನೇ ಕ್ಲಾಸು. ಗೇರಿನ ಪಕ್ಕ, ಟೂಲ್ಸಿನ ಪೆಟ್ಟಿಗೆ ಮೇಲೆ.
ಚಳಿಗೆ ಅಲ್ಲೇ ಬೆಚ್ಚಗೆ ಅಂತ ಅವಳದೇ ಹಠ.
ಎರಡೂ ಬದಿಯ ಪರದೆ ಇಳಿಸಿ ಹೊರಟರೆ
ಮಗ್ಗಿ ಹೇಳುತ್ತ ಹೇಳುತ್ತ ಏಳೆಂಟಲ ಐವತ್ತಾರಕ್ಕೆ ತೂಕಡಿಕೆ.
ಎಬ್ಬಿಸಿದರೆ ತಲೆನೋವು ಮಾಮ ಅನ್ನುತ್ತಾಳೆ.
ಒಮ್ಮೆ ತುಂಗೆಯ ಸೇತುವೆ ಮೇಲೆ ವಾಂತಿ ಮಾಡಿದಳು,
ಗಾಡಿ ಆಗಿಬರದ ಮಗು ಅಂದುಕೊಂಡು
ನಾನು ಪೆಪ್ಪರ್‌ಮಿಂಟ್ ಕೊಟ್ಟೆ.

ವಾಸನೆ ಇರುವ ಹೊಗೆ ಹೇಳಿ ಬರುತ್ತೆ, ವಾಸಣ್ಣ,
ಅಷ್ಟೇ ಅಂದ ಗೌಸ್‌ಪೀರ್.

ಬಿಚ್ಚು, ಅಂದೆ.

ಡೀಸೆಲ್ ಕುಡಿಸಿ, ಬೆಂಕಿ ತೋರಿಸಿ, ಬಿಸ್ಮಿಲ್ಲಾ ಅಂದು
ಏಳು ಸ್ಟಡ್ಡು ಬಂದವು.
ಎಂಟನೆಯದು ಕಟಕ್ ಅಂತು.
ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.
ಹುಡುಗ ಚಾ ತರಲು ಹೋದ.

ಸಂಜೆಗೆ ಬೀಡನ್ನು ಕೆಂಡದಲ್ಲಿ ಕಾಯಿಸಿ
ನಿಕ್ಕಲ್ ಕಡ್ಡಿಯಲ್ಲಿ ಇಂಚು ಇಂಚೇ ಬೆಸೆದು,
ರೈಸ್‌ಮಿಲ್ಲಿನ ಹೊಟ್ಟಿನ ಬೂದಿಯಲ್ಲಿ ಹೂತಿಟ್ಟ.
ಬೆಳಗಿನವರೆಗೆ ಮುಟ್ಟಬೇಡಿ,
ಬೇಗ ತಣ್ಣಗಾದರೆ ಮತ್ತೆ ಬಿರಿಯುತ್ತೆ.
ಹೆಡ್ಡಿನ ಮಾತು ನಾಳೆ.

ನಾಳೆ ಜೀಪಿಲ್ಲ, ಬಸ್ಸು ಹಿಡಿಯಿರಿ
ಅಂತ ಮನೆಮನೆಗೆ ಫೋನು ಮಾಡಿದೆ.
ಧನ್ವಿಯ ಅಮ್ಮ ನಕ್ಕರು:
ಬಸ್ಸಲ್ಲಿ ಅವಳಿಗೆ ಕಣ್ಣೇ ಕೂರಲ್ಲ,
ನಿಮ್ಮ ಜೀಪಲ್ಲಾದ್ರೆ ಎಷ್ಟು ಒಳ್ಳೆ ನಿದ್ದೆ ಅಂತಾಳೆ.

ಹ್ಞೂಂ, ಅಂದೆ.
ಫೋನು ಇಟ್ಟ ಮೇಲೂ
ಕೈ ಬೂದಿಯ ಮೇಲೆಯೇ ಇತ್ತು,
ಇನ್ನೂ ಬಿಸಿ.