ಸೀಸೆಯೊಳಗಿನ ಜಗಳ

ಮಿರಗ ಕೂಡಲು ಇನ್ನು ಒಂಬತ್ತು ದಿನ.
ಮುದಗಲ್ಲ ದವಾಖಾನೆಯಿಂದ ಹೊರಟಾಗ
ಡಬ್ಬಿಯೊಳಗಿನ ಬರ್ಫು ಕಲ್ಲಿನಂತಿತ್ತು;
ಊರ ಅಗಸಿ ಮುಟ್ಟುವಷ್ಟರಲ್ಲಿ
ಅಲುಗಿಸಿದರೆ ಗುಳುಗುಳು.
ಹೆಪ್ಪುಗಟ್ಟಬಾರದು, ಕಾಯಲೂಬಾರದು,
ಹಸಿಗೂಸಿನ ಹಾಗೆ ಈ ಸೀಸೆ.
ಮುಂಗೈಗೆ ಒತ್ತಿ ನೋಡಿದೆ. ತಂಪಿತ್ತು.

ಇಪ್ಪತ್ತಾರು ವರ್ಷ ಈ ದಾರಿ ತುಳಿದಿದ್ದೇನೆ.
ಕಾಲುಬಾಯಿ ಬೇನೆಗೆ ಒಂದು ಸಲ,
ಗಂಟಲು ಬೇನೆಗೆ ಇನ್ನೊಂದು ಸಲ,
ಚಪ್ಪೆಗೆ ಮತ್ತೊಂದು.
ಮೊದಲ ಸಲ ಚಹಾ ಕೊಟ್ಟವರು
ಎರಡನೆಯ ಸಲ ನೀರು ಕೊಟ್ಟರು.
ಮೂರನೆಯ ಸಲ ನನ್ನ ಗಾಡಿಯ ಸದ್ದಿಗೇ
ದನ ಹಳ್ಳದಾಚೆ ಹೊಡೆದಿದ್ದರು.
ಎರಡು ಹೊತ್ತಿನ ಹಾಲು ಬತ್ತುತ್ತದಲ್ಲ,
ಕುತ್ತಿಗೆಗೆ ಗಂಟು ಕಟ್ಟುತ್ತದಲ್ಲ,
ಅವರದೇನು ತಪ್ಪು.

ಹೋದ ವರ್ಷ
ತಪ್ಪಿದ ಆ ಮೂರನೆಯ ಸಲಕ್ಕೂ ಮಳೆಗೂ ನಡುವೆ
ಸಾಬಮ್ಮನ ಎಡಗೋಲಿನ ಎತ್ತು ಕುಂಟಿತು.
ತೊಡೆಯ ಮೇಲೆ ಕೈಯಿಟ್ಟೆ:
ಚರ್ಮದಡಿ ಚರಚರ,
ಒಣಗಿದ ಜೋಳದ ರವದಿ ತುಳಿದಂತೆ.
ಅವಳು ನನ್ನ ಮುಖ ನೋಡಿದಳು.
ನಾನು ಎತ್ತಿನ ಮುಖ ನೋಡಿದೆ.
ಬೆಳಗಾಗುವುದರೊಳಗೆ ಮುಗಿದಿತ್ತು.

ಇವತ್ತು ಅದೇ ಅಂಗಳ.
ಗೂಟಕ್ಕೆ ಹಳೆಯ ಬಲಗೋಲು,
ಪಕ್ಕದಲ್ಲಿ ಕುಷ್ಟಗಿ ಸಂತೆಯ ಹೊಸ ಹೋರಿ,
ಇನ್ನೂ ಜೋಡಿಗೆ ಒಗ್ಗದ್ದು.
ಸೀಸೆ ತೆಗೆದೆ. ಬೆಳ್ಳಗೆ, ಎಣ್ಣೆ ಬೆರೆತ ಹಾಲಿನಂತೆ.
"ಇದರಾಗ ಮೂರೂ ಅದಾವ ಬೇ.
ಒಂದ ಸಲ ಚುಚ್ಚಿದ್ರ ಮುಗೀತು."

ಸಾಬಮ್ಮ ಅದನ್ನು ಬಿಸಿಲಿಗೆ ಎತ್ತಿ ಹಿಡಿದಳು.
"ಬಿಸಿಲಿಗೆ ಬ್ಯಾಡ!" ಕೂಗಿಕೊಂಡೆ.
ನೆರಳಿಗೆ ಸರಿದು ಕೇಳಿದಳು:
"ಮೂರನ್ನೂ ಒಂದ ಮನ್ಯಾಗ ಇಟ್ಟೀರಿ,
ಒಳಗ ಜಗಳಾಡಂಗಿಲ್ಲೇನ್ರಿ?"

ತರಬೇತಿಯಲ್ಲಿ ಕನ್ನಡಕದ ಹುಡುಗಿಯೊಬ್ಬಳು
ಇಡೀ ಮಧ್ಯಾಹ್ನ ಇದನ್ನೇ ಹೇಳಿದ್ದಳು,
ಪರದೆಯ ಮೇಲೆ ಗೆರೆ ಏರಿಸಿ, ಇಳಿಸಿ.
ಬೆರೆಸುವುದೇನು, ಯಾರೂ ಬೆರೆಸಿಯಾರು;
ಒಂದರ ದನಿಯಲ್ಲಿ ಇನ್ನೊಂದು ಮುಳುಗದೆ
ರಕ್ತಕ್ಕೆ ಮೂರು ಹೆಸರೂ ಬೇರೆಬೇರೆ ಕೇಳಿಸಬೇಕು.
ಅಷ್ಟಕ್ಕೇ ಏಳೆಂಟು ವರ್ಷ ಹೋಯಿತಂತೆ.
ಎಷ್ಟೋ ಸಲ ಚಪ್ಪೆಯೇ
ಮಾತಾಡದೆ ಉಳಿದುಬಿಡುತ್ತಿತ್ತಂತೆ.
ಕಡೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದವನು
ಆ ಮಾತಿಗೆ ಎದ್ದು ಕೂತಿದ್ದೆ.

"ಆಡ್ತಿದ್ವಂತ ಬೇ," ಅಂದೆ. "ಬಿಡಿಸ್ಯಾರ."

ನಕ್ಕಳೋ ಇಲ್ಲವೋ, ಸೆರಗು ಅಡ್ಡವಿತ್ತು.
ಮೂಗುದಾರ ಹಿಡಿದು
ಹೋರಿಯ ಗಲ್ಲಕ್ಕೆ ಗಲ್ಲ ಹಚ್ಚಿ ನಿಂತಳು.
ಸೂಜಿ ಇಳಿಯಿತು.
ನೊಣ ಓಡಿಸುವಾಗಿನಂತೆ
ಚರ್ಮ ಒಮ್ಮೆ ನಡುಗಿತು, ಅಷ್ಟೆ.

ಕಿವಿಯ ಹಳದಿ ಓಲೆ ನೋಡಿ
ಮೊಬೈಲಿಗೆ ಹನ್ನೆರಡು ಅಂಕಿ ಒತ್ತಿದೆ.
ಅವಳ ಹೆಸರಿನ ಕೆಳಗೆ ಮೂರು ದನ ಬಂದವು.
ಬಲಗೋಲು. ಹೋರಿ.
ಮೂರನೆಯದರ ಮುಂದೆ ಕೆಂಪಗೆ: ಲಸಿಕೆ ಬಾಕಿ.
ಅಳಿಸಹೋದರೆ
ಕಾರಣ ಬರೆಯಿರಿ ಎಂದಿತು.

"ಏನ್ ಕೇಳಾಕತ್ತೈತ್ರಿ ಅದು?"
"ಏನಿಲ್ಲ ಬೇ. ನೆಟ್‌ವರ್ಕ್ ಇಲ್ಲ."

ಡಬ್ಬಿಯ ಮುಚ್ಚಳ ಒತ್ತಿದೆ.
ಇನ್ನೂ ನಲವತ್ತು ಮನೆ,
ಬೊಗಸೆಯಷ್ಟು ಬರ್ಫು.